ಕುಲುಮೆಯ ಉರಿ ಬದಲಾಯಿತು, ಬೆಲೆ ತೆತ್ತವರು ಯಾರು?

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆ ಬರುವುದಕ್ಕೆ ಮುಂಚಿನಿಂದಲೂ ಇದ್ದ ಈ ಹೆಸರು ಊರಿಗೆ ನಿಜಕ್ಕೂ ಒಪ್ಪಿದ್ದು 1923ರ ಜನವರಿ 18ರ ನಂತರ. ಅಂದು ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಆಮೇಲಿನ ನೂರು ವರ್ಷಗಳಲ್ಲಿ ಇಲ್ಲಿನ ಕುಲುಮೆಗಳು ಮೂರು ಬಗೆಯ ಶಕ್ತಿಯನ್ನು ಉಂಡಿವೆ: ಮೊದಲು ಕಾಡಿನ ಸೌದೆ, ಅನಂತರ ಶರಾವತಿಯ ನೀರಿನಿಂದ ಬಂದ ವಿದ್ಯುತ್ತು, ಕೊನೆಗೆ ದೂರದಿಂದ ತರಿಸಿದ ಕಲ್ಲಿದ್ದಲಿನ ಕೋಕ್.

ಬದಲಿ ಇಂಧನ ಎಂದೊಡನೆ ಇಂದು ನೆನಪಾಗುವುದು ಬಿಸಿಲು ಮತ್ತು ಗಾಳಿ. ಆದರೆ ಒಂದು ಇಂಧನಕ್ಕೆ ಇನ್ನೊಂದನ್ನು ಬದಲಿಯಾಗಿ ಹುಡುಕುವ ಕೆಲಸ ಶಿವಮೊಗ್ಗ ಜಿಲ್ಲೆಗೆ ಹೊಸದಲ್ಲ. ಯಾವ ಶಕ್ತಿಯೂ ಪುಕ್ಕಟೆ ಬರುವುದಿಲ್ಲ, ಅದರ ಬೆಲೆಯನ್ನು ಎಲ್ಲೋ ಯಾರೋ ತೆರುತ್ತಾರೆ ಎಂಬುದನ್ನು ಈ ಜಿಲ್ಲೆ ಬಹಳ ಹಿಂದೆಯೇ ಕಂಡಿದೆ.

ಸೌದೆಯ ಕಾಲ

ಕಬ್ಬಿಣದ ಅದಿರಿನಲ್ಲಿ ಕಬ್ಬಿಣದ ಜೊತೆ ಆಮ್ಲಜನಕ ಬೆರೆತಿರುತ್ತದೆ. ಅದನ್ನು ಬೇರ್ಪಡಿಸಲು ಶಾಖವೂ ಬೇಕು, ಇಂಗಾಲವೂ ಬೇಕು. ಬೇರೆ ಕಡೆಗಳಲ್ಲಿ ಈ ಎರಡನ್ನೂ ಒದಗಿಸುತ್ತಿದ್ದುದು ಕಲ್ಲಿದ್ದಲು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಬಂಗಾಳ, ಬಿಹಾರಗಳಿಂದ ತರಿಸಿದರೆ ರೈಲು ಬಾಡಿಗೆಯೇ ಹೊರೆಯಾಗುತ್ತಿತ್ತು. ಇದ್ದದ್ದು ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಾಡು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಯೋಜನೆ ಇವೆರಡನ್ನೂ ನೆಚ್ಚಿಕೊಂಡಿತ್ತು.

ಸೌದೆಯನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಬರುವ ಆವಿಯನ್ನು ತಣಿಸಿದರೆ ಮರದ ಮದ್ಯಸಾರ (ಮೆಥನಾಲ್), ಡಾಂಬರು ಮುಂತಾದ ಉಪವಸ್ತುಗಳು ಸಿಗುತ್ತವೆ. ಇದ್ದಿಲಿನಿಂದ ಕಬ್ಬಿಣ, ಉಪವಸ್ತುಗಳಿಂದ ಹೆಚ್ಚಿನ ಆದಾಯ ಎಂಬುದು ಲೆಕ್ಕಾಚಾರ. ಇದ್ದಿಲಿನಲ್ಲಿ ಗಂಧಕ ತೀರಾ ಕಡಿಮೆ ಇರುವುದರಿಂದ ಕಬ್ಬಿಣದ ಗುಣಮಟ್ಟವೂ ಉತ್ತಮ. ಕಡಿದ ಕಾಡು ಮತ್ತೆ ಬೆಳೆಯುವುದಾದ್ದರಿಂದ ಇದು ಮುಗಿಯದ ಇಂಧನ ಎಂಬ ಭರವಸೆಯೂ ಇತ್ತು.

ತೊಡಕುಗಳು ಬೇಗನೆ ಕಾಣಿಸಿಕೊಂಡವು. ಕಾರ್ಖಾನೆ ಆರಂಭವಾದ 1923ರಲ್ಲೇ ಜರ್ಮನಿಯಲ್ಲಿ ಮೆಥನಾಲನ್ನು ಅನಿಲಗಳಿಂದ ಕೃತಕವಾಗಿ ತಯಾರಿಸುವುದು ಶುರುವಾಯಿತು. ಮರದಿಂದ ತೆಗೆದ ಮದ್ಯಸಾರಕ್ಕೆ ಜಗತ್ತಿನಲ್ಲೆಲ್ಲ ಬೆಲೆ ಇಳಿಯಿತು. ಇನ್ನೊಂದು ತೊಡಕು ಸೌದೆಯದೇ. ಮೂರು ನಾಲ್ಕು ಟನ್ ಸೌದೆ ಸುಟ್ಟರೆ ಸಿಗುವುದು ಸುಮಾರು ಒಂದು ಟನ್ ಇದ್ದಿಲು. ಒಂದು ಟನ್ ಬೀಡುಕಬ್ಬಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ಇದ್ದಿಲು ಬೇಕು. ಹತ್ತಿರದ ಕಾಡು ಕಡಿದಂತೆಲ್ಲ ಮುಂದಿನ ಸೌದೆ ಇನ್ನಷ್ಟು ದೂರದಿಂದ ಬರಬೇಕು. ಮರ ಬೆಳೆಯುವ ವೇಗ ಒಂದು, ಕುಲುಮೆ ನುಂಗುವ ವೇಗ ಇನ್ನೊಂದು. ಈ ಅಂತರದ ಬೆಲೆಯನ್ನು ತೆತ್ತದ್ದು ಕಾಡು.

ನೀರು ತಂದ ಬೆಳಕು

ಬದಲಿ ದಾರಿ ತೋರಿಸಿದ್ದು ಜೋಗ. ಶರಾವತಿಯ ನೀರಿನಿಂದ ವಿದ್ಯುತ್ ಉತ್ಪಾದಿಸುವ ಯೋಜನೆಗೆ 1939ರಲ್ಲಿ ಚಾಲನೆ ದೊರೆತು, 1948ರಲ್ಲಿ ಮೊದಲ ಹಂತ ಮುಗಿಯಿತು. ಇಂದಿನ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ ಅದೇ. 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಕಲ್ಲಿದ್ದಲು ಇಲ್ಲದ, ಜಲಪಾತಗಳು ಧಾರಾಳವಾಗಿರುವ ನಾರ್ವೆ ದೇಶದಲ್ಲಿ ಬೆಳೆದ ತಂತ್ರ ಅದು. ಇಂಥ ಕುಲುಮೆಯಲ್ಲಿ ಶಾಖವನ್ನು ವಿದ್ಯುತ್ತೇ ಕೊಡುತ್ತದೆ. ಇಂಗಾಲ ಬೇಕಾಗುವುದು ಅದಿರಿನ ಆಮ್ಲಜನಕವನ್ನು ಸೆಳೆಯಲು ಮಾತ್ರ. ಹಾಗಾಗಿ ಇದ್ದಿಲಿನ ಖರ್ಚು ಅರ್ಧಕ್ಕೂ ಕೆಳಗೆ ಇಳಿಯುತ್ತದೆ.

ಜಲವಿದ್ಯುತ್ತಿಗೆ ಹೊಗೆಯಿಲ್ಲ, ಬೂದಿಯಿಲ್ಲ. ಬೇಕೆಂದಾಗ ಕೆಲವೇ ನಿಮಿಷಗಳಲ್ಲಿ ಯಂತ್ರ ತಿರುಗಿಸಬಹುದು, ಬೇಡವೆಂದಾಗ ನಿಲ್ಲಿಸಬಹುದು. ಆದರೆ ಅದು ಮಳೆಯ ಕೂಸು. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಗುವವರೆಗೆ ಕರ್ನಾಟಕ ಬಹುಮಟ್ಟಿಗೆ ಜಲವಿದ್ಯುತ್ತನ್ನೇ ನೆಚ್ಚಿತ್ತು. ಮಳೆ ಕೈಕೊಟ್ಟ ವರ್ಷ ವಿದ್ಯುತ್ ಕಡಿತ; ಅದರ ಪೆಟ್ಟು ಮೊದಲು ಬೀಳುತ್ತಿದ್ದುದು ಹೆಚ್ಚು ವಿದ್ಯುತ್ ಬಳಸುವ ಕಾರ್ಖಾನೆಗಳ ಮೇಲೆ.

ನೀರಿನ ನಿಜವಾದ ಬೆಲೆ ಮಾತ್ರ ಬೇರೆಯೇ. ಮೊದಲು ಹಿರೇಭಾಸ್ಕರ ಅಣೆಕಟ್ಟು, ಅನಂತರ 1964ರಲ್ಲಿ ಲಿಂಗನಮಕ್ಕಿ. 151 ಟಿಎಂಸಿ ಅಡಿ ನೀರು ಹಿಡಿಯುವ ಲಿಂಗನಮಕ್ಕಿಯ ಹಿನ್ನೀರು ಮುನ್ನೂರು ಚದರ ಕಿ.ಮೀ.ಗೂ ಹೆಚ್ಚು ನೆಲವನ್ನು ನುಂಗಿತು. ಹಿರೇಭಾಸ್ಕರ ಅಣೆಕಟ್ಟೂ ಅದರಲ್ಲಿ ಮುಳುಗಿತು. ಈ ನೀರನ್ನು ಬಳಸುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಗದ್ದೆ ತೋಟಗಳನ್ನು ಬಿಟ್ಟು ಎದ್ದು ಬಂದ ಸಾವಿರಾರು ಕುಟುಂಬಗಳು ಜಿಲ್ಲೆಯ ಕಾಡಂಚುಗಳಲ್ಲಿ ನೆಲೆ ಕಂಡುಕೊಂಡವು. ಅವರಲ್ಲಿ ಅನೇಕರಿಗೆ ಆ ಜಮೀನಿನ ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ. ಕಾಗದದಲ್ಲಿ ಅದು ಅರಣ್ಯ ಭೂಮಿ.

ಬಿಸಿಲಿಗೂ ನೆಲ ಬೇಕು

ವಿದ್ಯುತ್ ಕುಲುಮೆಗಳ ನಂತರ ಭದ್ರಾವತಿ ಕೋಕ್ ಬಳಸುವ ಊದುಕುಲುಮೆಯತ್ತ ಹೊರಳಿತು. ಕಲ್ಲಿದ್ದಲು ದೂರದ್ದು, ಸ್ವಂತ ಗಣಿಯಿಲ್ಲದೆ ಅದಿರಿಗೂ ಪರದಾಟ. 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ತುಂಬಿದ ತಿಂಗಳಲ್ಲೇ, ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾಗಿ ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷ ಒಂದಿಷ್ಟು ಕೆಲಸ ಮರಳಿ ಶುರುವಾಯಿತು. ಇದಕ್ಕೆಲ್ಲ ಇಂಧನವೊಂದೇ ಕಾರಣವಲ್ಲ. ಆದರೆ ಕಚ್ಚಾವಸ್ತು, ಇಂಧನ ಎರಡೂ ಹತ್ತಿರದಲ್ಲಿವೆ ಎಂದು ಹುಟ್ಟಿದ ಕಾರ್ಖಾನೆಗೆ ಎರಡೂ ದೂರವಾದದ್ದು ಸಣ್ಣ ಸಂಗತಿಯಲ್ಲ.

ಈಗ ಸೂರ್ಯನ ಸರದಿ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಅಲ್ಲಿ ರೈತರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಬರದ ನಾಡಿನಲ್ಲಿ ಜಮೀನಿದ್ದವರಿಗೆ ವರ್ಷವರ್ಷ ಖಚಿತ ಬಾಡಿಗೆ ಬಂತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಜಮೀನಿಲ್ಲದವರಿಗೆ ಬಾಡಿಗೆಯಿಲ್ಲ. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳದ್ದು ಇನ್ನೊಂದು ಗುಣ: ಬಿಸಿಲು ಕುಗ್ಗುವ ಮುಂಗಾರಿನಲ್ಲಿ ಅವಕ್ಕೆ ಸುಗ್ಗಿ, ಉಳಿದ ತಿಂಗಳಲ್ಲಿ ಸೋಮಾರಿತನ.

ಶಿವಮೊಗ್ಗದ ಮನೆ ತಾರಸಿಗೆ ಬಂದರೆ ಲೆಕ್ಕ ಹಗುರ. ಒಂದು ಕಿಲೋವಾಟ್‌ನ ಫಲಕಗಳಿಗೆ ಸುಮಾರು ನೂರು ಚದರಡಿ ಜಾಗ ಸಾಕು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ನಾಲ್ಕು ಯೂನಿಟ್ ವಿದ್ಯುತ್. ಯಾರ ಊರೂ ಮುಳುಗುವುದಿಲ್ಲ, ಯಾವ ಕಾಡೂ ಕಡಿಯಬೇಕಿಲ್ಲ. ಆದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಮಲೆನಾಡಿನ ಮೋಡ ಯಾರ ಮಾತನ್ನೂ ಕೇಳುವುದಿಲ್ಲ. ತಾರಸಿಯ ಮೇಲೆ ಸೋಲಾರ್ ಹೀಟರ್ ಇದ್ದರೂ ಮಳೆಗಾಲದ ಸ್ನಾನಕ್ಕೆ ಅಡಿಕೆ ಸಿಪ್ಪೆ ಉರಿಸುವ ಬಚ್ಚಲೊಲೆಯೇ ಗತಿ. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಬ್ಯಾಟರಿಯಿಲ್ಲದೆ ವಿದ್ಯುತ್ ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೌರ ಘಟಕ, ಬೀದಿಯ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಆಘಾತವಾಗದಿರಲಿ ಎಂದೇ ಈ ವ್ಯವಸ್ಥೆ.

ಹಗಲಿನ ಬಿಸಿಲನ್ನು ರಾತ್ರಿಗೆ ಉಳಿಸುವುದು ಹೇಗೆ ಎಂಬ ಪ್ರಶ್ನೆ ಮತ್ತೆ ಶರಾವತಿಗೇ ಬಂದು ನಿಂತಿದೆ. ವಿದ್ಯುತ್ ಹೆಚ್ಚಿದ್ದಾಗ ಗೇರುಸೊಪ್ಪ ಜಲಾಶಯದ ನೀರನ್ನು ತಲಕಳಲೆಗೆ ಎತ್ತಿ, ಬೇಕಾದಾಗ ಕೆಳಕ್ಕೆ ಹರಿಸಿ 2,000 ಮೆಗಾವಾಟ್ ಪಡೆಯುವ ಯೋಜನೆ ರೂಪುಗೊಂಡಿದೆ. ಇಂಥ ಯೋಜನೆಯಲ್ಲಿ ನಾಲ್ಕು ಯೂನಿಟ್ ಪಡೆಯಲು ಸುಮಾರು ಐದು ಯೂನಿಟ್ ಖರ್ಚಾಗುತ್ತದೆ. ಆದರೂ ದೊಡ್ಡ ಪ್ರಮಾಣದಲ್ಲಿ ವಿದ್ಯುತ್ ಕೂಡಿಡಲು ಇದು ಪಳಗಿದ ಉಪಾಯ. ಪರಿಸರಾಸಕ್ತರ ವಿರೋಧಕ್ಕೂ ಕಾರಣವಿದೆ: ಆ ಕಣಿವೆ ಸಿಂಗಳೀಕಗಳ ಅಭಯಾರಣ್ಯ.

ಹಾಗಾದರೆ ಬದಲಿ ಶಕ್ತಿ ಬೇಡವೇ? ಬೇಕು; ಕಲ್ಲಿದ್ದಲಿನ ಹೊಗೆಗೆ ಹೋಲಿಸಿದರೆ ಇವೆಲ್ಲ ಮೇಲು. ಆದರೆ ಸಾಮರ್ಥ್ಯ ಎಷ್ಟು ಮೆಗಾವಾಟ್ ಎಂದು ಕೇಳುವ ದಿನವೇ, ಜಾಗ ಬಿಡುವವರು ಯಾರು, ಅವರಿಗೆ ಸಲ್ಲಬೇಕಾದದ್ದು ಯಾವಾಗ ಸಲ್ಲುತ್ತದೆ ಎಂದೂ ಕೇಳಬೇಕು. ಲಿಂಗನಮಕ್ಕಿ ಹಿನ್ನೀರಿನಾಚೆ ಉಳಿದ ತುಮರಿ ಭಾಗದ ಹಳ್ಳಿಗಳ ಜನ ಆಸ್ಪತ್ರೆಗೆ, ಪೇಟೆಗೆ ಸಾಗರಕ್ಕೆ ಬರಲು ಲಾಂಚ್‌ಗಾಗಿ ಕಾಯುತ್ತಿದ್ದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ, ಎರಡು ಕಿ.ಮೀ.ಗೂ ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಅವರು ಬಿಟ್ಟುಕೊಟ್ಟ ನೆಲದಿಂದ ನಾಡಿಗೆ ಬೆಳಕು ಬಂದು ಅಷ್ಟು ಹೊತ್ತಿಗೆ ಅರವತ್ತು ವರ್ಷ ದಾಟಿತ್ತು.