ತೊಟ್ಟಿಯೊಂದು, ಮೀನುಗಳೆಷ್ಟು?

ನಮ್ಮ ಮನೆಗಳ ಪಡಸಾಲೆಗಳಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಬಣ್ಣದ ಮೀನುಗಳನ್ನು ಸಾಕುವ ರೂಢಿ ಈಗ ಸಾಮಾನ್ಯವಾಗಿದೆ. ಮಕ್ಕಳಿಗೆ ಅದು ಆನಂದ, ಹಿರಿಯರಿಗೆ ವಿಶ್ರಾಂತಿ. ತೊಟ್ಟಿಯನ್ನು ಎಲ್ಲಿಡಬೇಕು, ದೀಪ ಯಾವುದಿರಬೇಕು ಎಂದು ಮನೆಯವರೆಲ್ಲ ಕುಳಿತು ಯೋಚಿಸುತ್ತಾರೆ. ಆದರೆ ಅದರೊಳಗೆ ಎಷ್ಟು ಜೀವಗಳಿಗೆ ಎಡೆಯಿದೆ ಎಂಬ ಪ್ರಶ್ನೆಯನ್ನು ಅಂಗಡಿಯವನಿಗೋ ಕಣ್ಣಂದಾಜಿಗೋ ಬಿಟ್ಟುಬಿಡುತ್ತಾರೆ. ಹಾಗೆ ಕಣ್ಣಂದಾಜಿನಿಂದ ಉತ್ತರ ಕೊಟ್ಟು ತಪ್ಪಿದವರಲ್ಲಿ ನಾವೂ ಒಬ್ಬರು.

ಪರಿಚಿತರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಉಡುಗೊರೆಯಾಗಿ ಬಂದ ಹೊಸ ತೊಟ್ಟಿಯಲ್ಲಿ ಎರಡು ಚಿನ್ನದ ಮೀನುಗಳು, ಅಂದರೆ ಗೋಲ್ಡ್‌ಫಿಶ್‌ಗಳು, ಆಡುತ್ತಿದ್ದವು. ಆ ಮನೆಯ ಎಂಟು ವರ್ಷದ ಮಗಳು ನಮ್ಮ ಕೈಹಿಡಿದು, "ಅಜ್ಜಾರ, ಇದರಾಗ ಇನ್ನೂ ಎಷ್ಟು ಮೀನ ಬಿಡಬಹುದ್ರಿ?" ಎಂದು ಕೇಳಿದಳು. ತೊಟ್ಟಿ ತುಂಬ ತಿಳಿನೀರು ಕಂಡಿತು. "ಬೇಕಾದಷ್ಟು ನೀರಿದೆ ಮಗಳೆ, ಇನ್ನೂ ಹತ್ತು ಬಿಡು" ಎಂದೆವು. ಆಕೆಯ ತಂದೆ ಮರುದಿನವೇ ಹತ್ತು ಮೀನು ತಂದರು. ಹನ್ನೆರಡು ದಿನಗಳೊಳಗೆ ಒಂಬತ್ತು ಸತ್ತವು. ಮಗು ನಮ್ಮನ್ನು ದೂರಲಿಲ್ಲ. ದೂರವಾಣಿಯಲ್ಲಿ ಒಂದೇ ಮಾತು ಕೇಳಿತು: "ನೀರು ಸ್ವಚ್ಛನ ಇತ್ತಲ್ರಿ ಅಜ್ಜಾರ, ಮತ್ಯಾಕ ಸತ್ತುವು?" ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ತಿಳಿದವರನ್ನು ಕೇಳಿ, ಓದಿ, ಅರಿತುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಬಿಡುತ್ತದೆ. ಉಳಿದ ಆಹಾರ, ಮಲ ಕೊಳೆತಾಗಲೂ ಅದೇ ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ಆದರೆ ಮೀನಿಗೆ ಅದು ವಿಷ. ಕಣ್ಣಿಗೆ ಕಾಣದ ಒಂದು ಬಗೆಯ ಸೂಕ್ಷ್ಮಾಣುಗಳು ಈ ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಬೇರೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಆಗಿ ಮಾಡುತ್ತವೆ. ಈ ಸೂಕ್ಷ್ಮಾಣುಗಳು ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲುಗಳ ಮೇಲೆ ನೆಲೆಸಿ ಸಾಕಷ್ಟು ವೃದ್ಧಿಯಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹೊಸ ತೊಟ್ಟಿಗೆ ಒಮ್ಮೆಲೇ ಹನ್ನೆರಡು ಮೀನು ಬಿಟ್ಟಾಗ, ಅವುಗಳ ಹೊಲಸನ್ನು ತೊಳೆಯುವವರೇ ಅಲ್ಲಿ ಇನ್ನೂ ಹುಟ್ಟಿರಲಿಲ್ಲ. ಆದುದರಿಂದ ತೊಟ್ಟಿ ಹದಗೊಂಡ ಮೇಲೆ ಎರಡೆರಡಾಗಿ, ವಾರಗಳ ಅಂತರದಲ್ಲಿ ಮೀನು ಬಿಡುವುದು ಮೊದಲನೆಯ ನಿಯಮ. ಸ್ಪಂಜನ್ನು ಕೊಳಾಯಿಯ ಕೆಳಗೆ ತಿಕ್ಕಿ ತೊಳೆದರೆ ಕ್ಲೋರಿನ್ನಿನಿಂದ ಆ ಸೂಕ್ಷ್ಮಾಣುಗಳು ಸಾಯುತ್ತವೆ. ತೊಟ್ಟಿಯಿಂದ ಹೊರತೆಗೆದ ನೀರಿನಲ್ಲಿಯೇ ಅದನ್ನು ಮೆಲ್ಲಗೆ ಅದ್ದಿ ಹಿಂಡಬೇಕು.

ಇನ್ನು ಲೆಕ್ಕದ ಮಾತು. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ತೊಟ್ಟಿ 54 ಲೀಟರ್ ಹಿಡಿಯುತ್ತದೆ. ಕಲ್ಲುಮಣ್ಣು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 45 ಲೀಟರಿನಷ್ಟು ಮಾತ್ರ. ಗ್ಯಾಲನ್ನಿಗೆ ಒಂದಂಗುಲ ಮೀನು ಎಂಬ ಹಳೆಯ ಸೂತ್ರವೊಂದು ಬಳಕೆಯಲ್ಲಿದೆ. ಅಮೆರಿಕದ ಗ್ಯಾಲನ್ನೆಂದರೆ ಸುಮಾರು 3.8 ಲೀಟರ್. ಆ ಪ್ರಕಾರ ಈ ತೊಟ್ಟಿಗೆ ಹನ್ನೆರಡು ಅಂಗುಲದಷ್ಟು ಮೀನು. ಎರಡಂಗುಲ ಮೀರದ ಸಪೂರ ಮೀನುಗಳಿಗೆ ಈ ಸೂತ್ರ ಹೇಗೋ ಸರಿಹೋದೀತು, ದೊಡ್ಡವಕ್ಕೆ ಸಲ್ಲದು. ಒಂದೇ ಆಕಾರದ ಮೀನು ಹತ್ತುಪಟ್ಟು ಉದ್ದವಾದರೆ ಅಗಲ, ದಪ್ಪವೂ ಹತ್ತುಪಟ್ಟಾಗಿ ದೇಹ ಸಾವಿರಪಟ್ಟಾಗುತ್ತದೆ. ಹೀಗಾಗಿ ಹತ್ತಂಗುಲದ ಒಂದು ಮೀನು, ಒಂದಂಗುಲದ ಹತ್ತು ಮೀನುಗಳಿಗೆ ಸಮವಲ್ಲ. ಅಂಥ ನೂರು ಗುಂಪುಗಳಿಗೆ ಸಮ!

ಎಣಿಸಬೇಕಾದುದು ಅಂಗಡಿಯಲ್ಲಿ ಕಂಡ ಮರಿಯನ್ನಲ್ಲ, ಮುಂದೆ ಬೆಳೆದು ನಿಲ್ಲುವ ಮೀನನ್ನು. ಚೋಟುದ್ದದ ಚಿನ್ನದ ಮೀನು 15-20 ಸೆಂ.ಮೀ. ಬೆಳೆಯಬಲ್ಲದು. ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಮಿಕ್ಕಿ ಬದುಕುತ್ತದೆ. ಹೊಲಸನ್ನೂ ಹೆಚ್ಚು ಮಾಡುತ್ತದೆ. ಆ ಮಗುವಿನ ತೊಟ್ಟಿಗೆ ಮೊದಲಿದ್ದ ಎರಡೇ ಬೆಳೆದ ಮೇಲೆ ಭಾರವಾಗುತ್ತಿದ್ದವು.

ಪ್ರತಿಯೊಂದು ಜಾತಿಗೂ ಅದರದೇ ಲೆಕ್ಕವಿದೆ. ಬೆಟ್ಟಾ ಅಥವಾ ಫೈಟರ್ ಗಂಡುಗಳೆರಡನ್ನು ಕೂಡಿಸಿದರೆ ಸಾಯುವತನಕ ಕಾದಾಡುತ್ತವೆ, ಆದುದರಿಂದ ಒಂದೇ ಇರಬೇಕು. ನಿಯಾನ್ ಟೆಟ್ರಾಗಳು ಗುಂಪಿನ ಮೀನುಗಳು. ಆರಕ್ಕಿಂತ ಕಡಿಮೆಯಿದ್ದರೆ ಅವು ಅಂಜಿ ಮೂಲೆ ಸೇರುತ್ತವೆ. ಅಂದರೆ ತೀರ ಕಡಿಮೆ ಮಾಡುವುದೂ ಕೆಲವಕ್ಕೆ ಹಿಂಸೆಯೇ. ಗಪ್ಪಿಯ ಹೆಣ್ಣು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹತ್ತಾರು ಮರಿಗಳನ್ನು ಹಾಕುತ್ತದೆ. ಒಮ್ಮೆ ಕೂಡಿದರೆ ಮುಂದೆ ಹಲವು ತಿಂಗಳು ಗಂಡಿಲ್ಲದೆಯೂ ಮರಿಹಾಕಬಲ್ಲದು. ಗಂಡುಹೆಣ್ಣುಗಳೆರಡನ್ನೂ ತಂದ ಮನೆಯಲ್ಲಿ ಸಂಖ್ಯೆ ಯಜಮಾನನ ಹಿಡಿತದಲ್ಲಿ ಉಳಿಯುವುದಿಲ್ಲ.

ಉಸಿರಿನ ವಿಚಾರವನ್ನೂ ಮರೆಯಬಾರದು. ನೀರಿಗೆ ಪ್ರಾಣವಾಯು ಸೇರುವುದು ಬಹುಮಟ್ಟಿಗೆ ಮೇಲ್ಮೈಯಿಂದ. ಆದುದರಿಂದ ಎತ್ತರದ ಕಿರಿಬಾಯಿಯ ಪಾತ್ರೆಗಿಂತ ಅಗಲವಾದ ತೊಟ್ಟಿ ಮೇಲು. ಬಿಸಿಯೇರಿದಂತೆ ನೀರು ಹಿಡಿದುಕೊಳ್ಳುವ ಪ್ರಾಣವಾಯು ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟೆ. ನಮ್ಮ ಕಡೆಯ ಏಪ್ರಿಲ್-ಮೇ ತಿಂಗಳ ರಾತ್ರಿ ವಿದ್ಯುತ್ತು ಹೋಗಿ ಗಾಳಿಯ ಪಂಪು ನಿಂತಾಗ, ಕಿಕ್ಕಿರಿದ ತೊಟ್ಟಿಯ ಮೀನುಗಳು ಮೇಲಕ್ಕೆ ಬಂದು ಬಾಯ್ಬಿಡುತ್ತವೆ. ದಾಸೋಹದ ಮನೆಯಲ್ಲಿ ಪಂಕ್ತಿ ಹೆಚ್ಚಿದರೆ ಇನ್ನೊಂದು ಹಂಡೆ ಒಲೆಗೇರಿಸಬಹುದು. ತೊಟ್ಟಿಯ ಗಾಜು ಹಿಗ್ಗುವುದಿಲ್ಲ. ಪಂಪು ನಡೆಯುವ ತಂಪು ದಿನವನ್ನಲ್ಲ, ಆ ಒಂದು ರಾತ್ರಿಯನ್ನು ನೆನೆದು ಸಂಖ್ಯೆಯನ್ನು ನಿರ್ಧರಿಸಬೇಕು.

ಇದು ಹೊಸ ತಿಳಿವಳಿಕೆಯೇನೂ ಅಲ್ಲ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಚಿನ್ನದ ಮೀನು, ನೀರುಗಿಡ, ಬಸವನಹುಳುಗಳನ್ನು ಒಟ್ಟಿಗಿರಿಸಿ ಪರೀಕ್ಷಿಸಿ 1850ರಲ್ಲಿ ಅದರ ಫಲವನ್ನು ಪ್ರಕಟಿಸಿದನು. ಗಿಡವು ಪ್ರಾಣವಾಯುವನ್ನು ಒದಗಿಸಿ ನೀರನ್ನು ಕಾಯುವುದು ನಿಜ, ಆದರೆ ಜೀವಿಗಳ ಸಂಖ್ಯೆ ಮಿತಿಯಲ್ಲಿರಬೇಕು ಎಂಬುದು ಅಂದೇ ತಿಳಿದಿತ್ತು.

ಉಳಿದ ಮೂರು ಮೀನುಗಳನ್ನು ಆ ಮನೆಯವರು, ಅಂಗಳದಲ್ಲಿ ದೊಡ್ಡ ಸಿಮೆಂಟು ತೊಟ್ಟಿಯಿದ್ದ ಬಂಧುಗಳಿಗೆ ಒಪ್ಪಿಸಿದರು. ಗಾಜಿನ ತೊಟ್ಟಿಯನ್ನು ಹದಗೊಳಿಸಿ, ಎರಡೆರಡರಂತೆ ಆರು ಗಂಡು ಗಪ್ಪಿಗಳನ್ನು ಬಿಟ್ಟರು. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು, ಕ್ಲೋರಿನ್ ಕಳೆದ ನೀರು ತುಂಬುತ್ತಾರೆ. ಅಮೋನಿಯ, ನೈಟ್ರೈಟ್‌ಗಳೆರಡೂ ಸೊನ್ನೆಯಿವೆಯೇ ಎಂದು ಅಂಗಡಿಯಲ್ಲಿ ದೊರೆಯುವ ಪರೀಕ್ಷಾ ಸಾಮಗ್ರಿಯಿಂದ ನೋಡಿಕೊಳ್ಳುತ್ತಾರೆ.

ಮೊನ್ನೆ ಹೋದಾಗ, ತೊಟ್ಟಿ ಬರಿದಾಗಿ ಕಾಣುತ್ತಿದೆಯಲ್ಲವೆ ಎಂದು ಪರೀಕ್ಷಿಸಲೆಂದೇ ಕೇಳಿದೆವು. ಮಗು ನಮ್ಮ ಮುಖವನ್ನೊಮ್ಮೆ ನೋಡಿ, "ಬ್ಯಾಡ್ರಿ ಅಜ್ಜಾರ, ಇವಕ್ಕ ಇಷ್ಟು ಜಾಗ ಬೇಕ್ರಿ" ಎಂದಿತು. ಆತ್ಮೀಯ ಓದುಗರು ಮೀನಿನ ಅಂಗಡಿಗೆ ಹೋಗುವ ಮುನ್ನ ಮನೆಯ ತೊಟ್ಟಿಯನ್ನೊಮ್ಮೆ ಅಳೆದು ನೋಡಬೇಕೆಂದು ವಿನಂತಿಸುತ್ತೇವೆ.