ಪ್ರಮಾಣಿಸಿ ನುಡಿದ ಸುದ್ದಿ ಸಂಪಾದಕ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾವೆಲ್ಲರೂ ಹಿರಿಯರಿಂದ ಕೇಳಿ ಬಲ್ಲೆವು. ಆ ಮಾತಿನ ಅರ್ಥವನ್ನೇ ವೃತ್ತಿಧರ್ಮವಾಗಿಸಿಕೊಂಡು ಬಾಳಿದವರು ಅಮೆರಿಕದ ಸುದ್ದಿ ಪ್ರಸಾರಕ ವಾಲ್ಟರ್ ಕ್ರಾಂಕೈಟ್.

1916ರ ನವೆಂಬರ್ 4ರಂದು ಮಿಸ್ಸೂರಿ ರಾಜ್ಯದ ಸೇಂಟ್ ಜೋಸೆಫ್ ಪಟ್ಟಣದಲ್ಲಿ ಜನಿಸಿದ ಅವರು ಪದವಿ ಮುಗಿಸುವ ಮೊದಲೇ ಪತ್ರಿಕಾವೃತ್ತಿಗೆ ಇಳಿದರು. 1936ರಲ್ಲಿ ಕಾನ್ಸಾಸ್ ಸಿಟಿಯ ಬಾನುಲಿ ನಿಲಯವೊಂದನ್ನು ಸೇರಿದರು. ಅಲ್ಲಿ ನಡೆದ ಪ್ರಸಂಗವೊಂದನ್ನು 1996ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಊರಿನಲ್ಲಿ ಬೆಂಕಿ ಅನಾಹುತವಾಗಿದೆಯೆಂದು ಮೇಲಧಿಕಾರಿಗೆ ಅವರ ಪತ್ನಿಯಿಂದ ಫೋನ್ ಬಂದಿತು. ಸುದ್ದಿಯನ್ನು ಕೂಡಲೇ ಬಿತ್ತರಿಸಬೇಕೆಂದು ಅವರು ಆಜ್ಞಾಪಿಸಿದರು. ಕ್ರಾಂಕೈಟರಾದರೋ ಅಗ್ನಿಶಾಮಕ ದಳದವರನ್ನು ವಿಚಾರಿಸದೆ ಹೇಳಲೊಪ್ಪಲಿಲ್ಲ. ಬೆಂಕಿ ಅಲ್ಪದ್ದೆಂದು ತಿಳಿದುಬಂದರೂ ಅವರ ಕೆಲಸ ಉಳಿಯಲಿಲ್ಲ.

ತರುವಾಯ ಯುನೈಟೆಡ್ ಪ್ರೆಸ್ ಸಂಸ್ಥೆಯ ವರದಿಗಾರರಾಗಿ ಎರಡನೆಯ ಮಹಾಯುದ್ಧವನ್ನೂ ನ್ಯೂರೆಂಬರ್ಗ್ ವಿಚಾರಣೆಯನ್ನೂ ವರದಿ ಮಾಡಿದರು. 1950ರಲ್ಲಿ ಸಿಬಿಎಸ್ ಸಂಸ್ಥೆಯನ್ನು ಸೇರಿ, 1962ರ ಏಪ್ರಿಲ್ 16ರಿಂದ ಅದರ ಸಂಜೆಯ ಟೆಲಿವಿಷನ್ ವಾರ್ತೆಯನ್ನು ನಡೆಸಿಕೊಡತೊಡಗಿದರು. ಬರೆದುಕೊಟ್ಟದ್ದನ್ನು ಓದುವುದಷ್ಟೇ ಅವರ ಕಾರ್ಯವಾಗಿರಲಿಲ್ಲ. ವ್ಯವಸ್ಥಾಪಕ ಸಂಪಾದಕರಾಗಿ ಯಾವ ಸುದ್ದಿ ಹೋಗಬೇಕು, ಯಾವುದು ನಿಲ್ಲಬೇಕು ಎಂಬುದನ್ನು ನಿರ್ಧರಿಸುವ ಹೊಣೆಯನ್ನೂ ಹೊತ್ತರು. 1963ರ ಸೆಪ್ಟೆಂಬರ್ 2ರಂದು ಆ ವಾರ್ತೆಯ ಅವಧಿ 15 ನಿಮಿಷಗಳಿಂದ 30 ನಿಮಿಷಗಳಿಗೆ ಏರಿತು.

ಅದೇ ವರ್ಷದ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿಯವರಿಗೆ ಗುಂಡೇಟು ತಗುಲಿತು. ಅವರು ತೀರಿಕೊಂಡರೆಂಬ ವರದಿಗಳು ಒಂದರ ಹಿಂದೊಂದು ಬಂದವು. ಕ್ರಾಂಕೈಟರು ಅವನ್ನು ದೃಢಪಡದ ವರದಿಗಳೆಂದೇ ತಿಳಿಸುತ್ತ ಬಂದರು. ಅಧಿಕೃತ ವಾರ್ತೆ ಕೈಸೇರಿದ ಮೇಲೆಯೇ, ನ್ಯೂಯಾರ್ಕ್ ಸಮಯ ಮಧ್ಯಾಹ್ನ 2 ಗಂಟೆ 38 ನಿಮಿಷಕ್ಕೆ, ಕನ್ನಡಕ ತೆಗೆದು, ಗಂಟಲುಬ್ಬಿದ ದನಿಯಲ್ಲಿ ನಿಧನವಾರ್ತೆಯನ್ನು ನಾಡಿಗೆ ತಿಳಿಸಿದರು.

1968ರಲ್ಲಿ ವಿಯೆಟ್ನಾಮಿಗೆ ಹೋಗಿ ಕಣ್ಣಾರೆ ಕಂಡು ಬಂದು, ಯುದ್ಧವನ್ನು ಮಾತುಕತೆಯಿಂದ ಮುಗಿಸುವುದೇ ವಿವೇಕವೆಂದು ಫೆಬ್ರವರಿ 27ರಂದು ನುಡಿದರು. ಆಗಲೂ ಅದು ತಮ್ಮ ಸ್ವಂತ ಅಭಿಪ್ರಾಯವೆಂದು ಸ್ಪಷ್ಟಪಡಿಸಿಯೇ ಹೇಳಿದರು. ಸುದ್ದಿಗೂ ಅಭಿಪ್ರಾಯಕ್ಕೂ ನಡುವಣ ಗೆರೆಯನ್ನು ಅಳಿಸಲಿಲ್ಲ.

1981ರ ಮಾರ್ಚ್ 6ರಂದು ವಾರ್ತಾಪೀಠದಿಂದ ನಿವೃತ್ತರಾದ ಅವರು 2009ರ ಜುಲೈ 17ರಂದು ನಿಧನರಾದರು. ಅಮೆರಿಕದ ಅತ್ಯಂತ ವಿಶ್ವಾಸಾರ್ಹ ವ್ಯಕ್ತಿಯೆಂಬ ಕೀರ್ತಿ ಅವರದಾಗಿತ್ತು. ಆ ವಿಶ್ವಾಸಕ್ಕೆ ತಾರುಣ್ಯದಲ್ಲೇ ಅವರು ತೆತ್ತ ಬೆಲೆ ಒಂದು ನೌಕರಿ.

ಇಂದು ಮನೆಮನೆಯ ಮೊಬೈಲಿನಲ್ಲೂ ಸುದ್ದಿ ಕ್ಷಣಕ್ಷಣಕ್ಕೆ ಬಂದಿಳಿಯುತ್ತಿದೆ. ಬಂಧುಬಳಗಕ್ಕೆ ಅದನ್ನು ದಾಟಿಸುವ ನಾವೆಲ್ಲರೂ ಒಂದರ್ಥದಲ್ಲಿ ಸಂಪಾದಕರೇ. ಯಾರದೋ ಸಾವು, ಯಾರದೋ ಮಾನ ನಮ್ಮ ಬೆರಳ ತುದಿಯಲ್ಲಿರುವಾಗ ‘ಇದು ನಿಜವೇ?’ ಎಂದು ವಿಚಾರಿಸುವಷ್ಟು ತಾಳ್ಮೆ ನಮ್ಮಲ್ಲಿರಲಿ.