ಹಗುರವಾದ ರಿವಾಲ್ವರು ಏಕೆ ಹೆಚ್ಚು ಒದೆಯುತ್ತದೆ?

ಕಳೆದ ಬೇಸಗೆಯ ಒಂದು ಭಾನುವಾರ ನಮ್ಮ ಹಳೆಯ ಶಿಷ್ಯನೊಬ್ಬನು ಪತ್ನೀಸಮೇತನಾಗಿ ಹಾಸನದ ನಮ್ಮ ಮನೆಗೆ ಬಂದನು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಆತನಿಗೆ ತೆಂಗಿನ ತೋಟವಿದೆ. ವಾಸದ ಮನೆಯೂ ತೋಟದಲ್ಲಿಯೇ. ಆತನ ಪತ್ನಿ ಹೊಳೆನರಸೀಪುರದಲ್ಲಿ ಉದ್ಯೋಗದಲ್ಲಿರುವವರು. ಸಂಜೆ ಬಸ್ಸಿನಿಂದಿಳಿದು ಒಂದೂವರೆ ಕಿಲೋಮೀಟರು ನಡೆದು ಮನೆ ಸೇರಬೇಕು. ಅದರ ಹಿಂದಿನ ತಿಂಗಳು ಕತ್ತಲಾದ ಮೇಲೆ ಇಬ್ಬರು ಬೈಕಿನಲ್ಲಿ ಅವರನ್ನು ಹಿಂಬಾಲಿಸಿ ಬಂದು, ಎದುರಿಗೆ ಯಾರದೋ ಟ್ರ್ಯಾಕ್ಟರು ಕಾಣಿಸಿಕೊಂಡುದರಿಂದ ಹಿಂದಿರುಗಿದರಂತೆ.

“ಸಾರ್, ಇವಳ ಹೆಸರಿನಲ್ಲಿ ರಿವಾಲ್ವರಿಗೆ ಲೈಸೆನ್ಸು ಕೇಳೋಣವೆಂದಿದ್ದೇನೆ. ಕೈಚೀಲದಲ್ಲಿಟ್ಟರೆ ಹೊರಗೆ ಕಾಣಬಾರದು, ಭಾರವಾಗಬಾರದು. ಇರುವುದರಲ್ಲೆಲ್ಲ ಹಗುರವಾದುದು ಇವಳಿಗೆ ಹಿತವಾಗಿರುತ್ತದೆ ಅಲ್ಲವೆ?” ಎಂದು ಆತನು ಕೇಳಿದನು.

ನಾವು ಆಯುಧಗಳನ್ನು ಬಲ್ಲವರಲ್ಲ. ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ. ಶಿಬಿರದಲ್ಲಿ .22 ರೈಫಲಿನಿಂದ ಹತ್ತಾರು ಗುಂಡು ಹಾರಿಸಿದಷ್ಟೇ ನಮ್ಮ ಅನುಭವ. ಆದರೆ ಆತನ ಪ್ರಶ್ನೆಯೊಳಗೆ ಭೌತಶಾಸ್ತ್ರದ ಒಂದು ಲೆಕ್ಕವು ಅಡಗಿ ಕುಳಿತಿತ್ತು. ಅದೂ ಆತನೇ ಒಮ್ಮೆ ಪರೀಕ್ಷೆಯಲ್ಲಿ ಸರಿಯಾಗಿ ಬಿಡಿಸಿದ್ದ ಲೆಕ್ಕ.

ಆತನ ಮನಸ್ಸಿನಲ್ಲಿದ್ದುದು ‘ನಿರ್ಭೀಕ್’ ಎಂಬ ರಿವಾಲ್ವರು. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರಕೃತ್ಯವು ದೇಶವನ್ನೆಲ್ಲ ಕಲಕಿದ ಮೇಲೆ, ಕಾನ್ಪುರದ ಸರ್ಕಾರಿ ಕಾರ್ಖಾನೆಯು ಮಹಿಳೆಯರಿಗಾಗಿಯೇ ಎಂದು ಹೇಳಿ 2014ರ ಜನವರಿಯಲ್ಲಿ ಇದನ್ನು ಹೊರತಂದಿತು. ಟೈಟೇನಿಯಂ ಮಿಶ್ರಲೋಹದ ಒಡಲು; .32 ಬೋರು, ಎಂದರೆ ನಳಿಗೆಯ ಒಳವ್ಯಾಸ ಸುಮಾರು 8 ಮಿಲಿಮೀಟರು; ಆರು ಗುಂಡು; ತೂಕ ಸುಮಾರು 500 ಗ್ರಾಂ. ಆಗಿನ ಬೆಲೆ 1 ಲಕ್ಷ 22 ಸಾವಿರ ರೂಪಾಯಿಗೂ ಮೇಲೆ. ಒಡವೆಯ ಪೆಟ್ಟಿಗೆಯಂತಹ ಕೆಂಗಂದು ಬಣ್ಣದ ಪೆಟ್ಟಿಗೆಯಲ್ಲಿ ಅದನ್ನು ಕೊಡುತ್ತಿದ್ದರು. ಪೆಟ್ಟಿಗೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಇಲ್ಲಿ ಹೇಳದಿರುವುದೇ ಲೇಸು. ಅದೇ ಬೋರಿನ ಹಳೆಯ ಮಾದರಿಯ ಉಕ್ಕಿನ ರಿವಾಲ್ವರು ಸುಮಾರು 700 ಗ್ರಾಂ ತೂಗುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ ದೊರೆಯುತ್ತದೆಂಬುದನ್ನು ವಾಚಕರು ಬಲ್ಲರು. ಗುಂಡು ಮುಂದಕ್ಕೆ ಎಷ್ಟು ಸಂವೇಗವನ್ನು ಕೊಂಡೊಯ್ಯುವುದೋ ಅಷ್ಟೇ ಸಂವೇಗದಿಂದ ಆಯುಧವು ಹಿಂದಕ್ಕೆ ಬರಲೇಬೇಕು. .32 ರಿವಾಲ್ವರಿನ ಗುಂಡಿನ ರಾಶಿ ಸುಮಾರು 6.3 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 220 ಮೀಟರು. ಗುಣಿಸಿದರೆ ಸಂವೇಗವು ಹೆಚ್ಚುಕಡಮೆ 1.4 ಮಾನ. 700 ಗ್ರಾಂ ತೂಗುವ ರಿವಾಲ್ವರು ಈ ಸಂವೇಗವನ್ನು ಪಡೆದಾಗ ಸೆಕೆಂಡಿಗೆ 2 ಮೀಟರು ವೇಗದಿಂದ ಹಿಮ್ಮೆಟ್ಟುತ್ತದೆ. 500 ಗ್ರಾಂ ತೂಗುವುದಾದರೋ 2.8 ಮೀಟರು ವೇಗದಿಂದ. ಚಲನಶಕ್ತಿಯನ್ನು ಕಂಡುಹಿಡಿದರೆ ಮೊದಲನೆಯದರಲ್ಲಿ 1.4 ಜೂಲ್, ಎರಡನೆಯದರಲ್ಲಿ ಸುಮಾರು 2 ಜೂಲ್. ಗುಂಡಿನ ಹಿಂದೆಯೇ ನುಗ್ಗಿ ಬರುವ ಮದ್ದಿನ ಅನಿಲಗಳಿಗೂ ಸಂವೇಗವುಂಟಾದುದರಿಂದ ನಿಜವಾದ ಒದೆತವು ಇನ್ನೂ ಕೊಂಚ ಹೆಚ್ಚೇ ಆಗಿರುತ್ತದೆ. ಒಂದೇ ಗುಂಡು, ಒಂದೇ ಮದ್ದು. ಆದರೆ ಆಯುಧವು ಹಗುರವಾದಷ್ಟೂ ಕೈಗೆ ಬರುವ ಶಕ್ತಿ ಹೆಚ್ಚು. ಹೊರುವವರ ಹಿತವೂ ಹಾರಿಸುವವರ ಹಿತವೂ ಇಲ್ಲಿ ಒಂದಕ್ಕೊಂದು ವಿರುದ್ಧ.

2 ಜೂಲ್ ಎಂದರೆ ಎಷ್ಟು? ಅರ್ಧ ಕಿಲೋ ತೂಕದ ಬೆಲ್ಲದ ಅಚ್ಚು 40 ಸೆಂಟಿಮೀಟರು ಎತ್ತರದಿಂದ ಅಂಗೈಯ ಮೇಲೆ ಬಿದ್ದರೆ ಆಗುವಷ್ಟು. ಅದರಿಂದ ಕೈ ಮುರಿಯುವುದಿಲ್ಲ, ನಿಜ. ಆದರೆ ನಿರೀಕ್ಷೆಯಿಲ್ಲದ ಕೈಯನ್ನು ಬೆಚ್ಚಿಸಲು ಅದು ಧಾರಾಳವಾಗಿ ಸಾಕು.

ಶಿಷ್ಯನು ಇದನ್ನು ಸುಲಭವಾಗಿ ಒಪ್ಪಲಿಲ್ಲ. “ಅರಕಲಗೂಡಿನಲ್ಲಿ ನಮ್ಮ ಮಾವನವರ ಮನೆಯಲ್ಲಿ ಬೆಳೆಕಾವಲಿಗೆಂದು ಲೈಸೆನ್ಸು ಪಡೆದ ಒಂಟಿನಳಿಗೆಯ ಕೋವಿ ಇದೆ. ನಾನೇ ಎತ್ತಿ ನೋಡಿದ್ದೇನೆ. ಅದರ ಮುಂದೆ ಇದೇನು ಮಹಾ?” ಎಂದನು. ಆಕ್ಷೇಪಣೆಯಲ್ಲಿ ಸತ್ತ್ವವಿತ್ತು. 12 ಬೋರಿನ ಕೋವಿಯು 30 ಗ್ರಾಂನಷ್ಟು ಚರೆಯನ್ನು ಸೆಕೆಂಡಿಗೆ 370 ಮೀಟರಿನಂತೆ ಎಸೆಯುತ್ತದೆಂದು ಇಟ್ಟುಕೊಂಡರೆ, 3 ಕಿಲೋ ತೂಗುವ ಕೋವಿಯು 20 ಜೂಲ್ ಶಕ್ತಿಯಿಂದ ಹಿಂದಕ್ಕೆ ಬರುತ್ತದೆ, ರಿವಾಲ್ವರಿನ ಹತ್ತರಷ್ಟು! ಆದರೆ ಅದನ್ನು ಎದುರುಗೊಳ್ಳುವುದು ಮರದ ಅಗಲವಾದ ಹಿಂಗೈಗೆ ಒತ್ತಿನಿಂತ ಭುಜ. ಅದರ ಹಿಂದೆ ಇಡೀ ಮೈಯ ರಾಶಿ. ರಿವಾಲ್ವರನ್ನು ಎದುರುಗೊಳ್ಳುವುದಾದರೋ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಣ ಮೆತ್ತನೆಯ ಚರ್ಮ ಮತ್ತು ಮಣಿಕಟ್ಟು. ಎನ್.ಸಿ.ಸಿ.ಯ .22 ರೈಫಲಿನ ಲೆಕ್ಕ ಮಾಡಿದರೆ ನಗು ಬರುತ್ತದೆ. 2.6 ಗ್ರಾಂ ಗುಂಡು, ಸೆಕೆಂಡಿಗೆ 330 ಮೀಟರು, ರೈಫಲಿನ ತೂಕ 4 ಕಿಲೋ ಎಂದು ಹಿಡಿದರೆ ಒದೆತವು ಒಂದು ಜೂಲಿನ ಹತ್ತನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಶಿಬಿರದಲ್ಲಿ ರೈಫಲು ಹಾರಿಸಿ ‘ಬಂದೂಕು ಒದೆಯುವುದೇ ಇಲ್ಲ’ ಎಂದು ಮನೆಯಲ್ಲಿ ಹೇಳಿದ ವಾಚಕರಿದ್ದರೆ ಅವರು ಇದನ್ನು ಗಮನಿಸಬೇಕು.

ಶಕ್ತಿಯ ಮೊತ್ತವೊಂದೇ ಸಾಲದು. ಅದನ್ನು ಕೈ ಎಷ್ಟು ದೂರದಲ್ಲಿ ತಡೆಯುತ್ತದೆ ಎಂಬುದೂ ಮುಖ್ಯ. ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಗಳನ್ನು ಹಿಂದಕ್ಕೆಳೆದುಕೊಳ್ಳುವುದು ಇದಕ್ಕಾಗಿಯೇ. 2 ಜೂಲ್ ಶಕ್ತಿಯನ್ನು 2 ಸೆಂಟಿಮೀಟರಿನಲ್ಲಿ ತಡೆದರೆ ಸರಾಸರಿ ಬಲವು 100 ನ್ಯೂಟನ್, ಎಂದರೆ ಸುಮಾರು 10 ಕಿಲೋ ತೂಕ. 3 ಸೆಂಟಿಮೀಟರಿನಲ್ಲಿ ತಡೆದರೆ 67 ನ್ಯೂಟನ್. ಹಿಡಿಗೆ ರಬ್ಬರು ಹೊದಿಸುವುದರ ಗುಟ್ಟು ಇದರಲ್ಲಿದೆ. ಹಿಡಿಯು ಕಿರಿದಾದಷ್ಟೂ ಅದೇ ಬಲವು ಚರ್ಮದ ಕಡಮೆ ವಿಸ್ತಾರದ ಮೇಲೆ ಬಿದ್ದು ಒತ್ತಡವು ಏರುತ್ತದೆ. ಕೈಚೀಲದಲ್ಲಿ ಮರೆಯಾಗಲೆಂದು ಹಿಡಿಯನ್ನು ಮೊಟಕುಮಾಡಿದರೆ ಕಿರುಬೆರಳಿಗೆ ಹಿಡಿಯಲು ಸ್ಥಳವೇ ಇರದು. ನಳಿಗೆಯು ಕೈಗಿಂತ ಮೇಲಿರುವುದರಿಂದ ಒದೆತವು ನೇರವಾಗಿ ಹಿಂದಕ್ಕೆ ಬರದೆ ಆಯುಧದ ಮೂತಿಯನ್ನು ಮೇಲಕ್ಕೆ ತಿರುಚುತ್ತದೆ. ಆ ತಿರುಚನ್ನು ತಡೆಯಬೇಕಾದುದು ಆ ಕೆಳಗಿನ ಬೆರಳುಗಳೇ.

ಇಷ್ಟು ಹೊತ್ತೂ ಸುಮ್ಮನೆ ಕುಳಿತಿದ್ದ ಆಕೆ, “ಹೊರುವವಳು ನಾನು, ಒದೆ ತಿನ್ನುವವಳೂ ನಾನು. ನನ್ನ ಕೈಯನ್ನು ಮಾತ್ರ ಯಾರೂ ನೋಡಲಿಲ್ಲವಲ್ಲ, ಸರ್” ಎಂದರು. ನಮಗೆ ನಾಚಿಕೆಯಾಯಿತು. ಮರುದಿನ ಇಬ್ಬರನ್ನೂ ಪ್ರಯೋಗಶಾಲೆಗೆ ಕರೆದೊಯ್ದೆವು.

ಅಲ್ಲಿ ಮಾಡಿದ ಪ್ರಯೋಗವನ್ನು ಯಾರಾದರೂ ಮಾಡಿ ನೋಡಬಹುದು. ಅರ್ಧ ಕಿಲೋ ತೂಕದ ಮರದ ತುಂಡೊಂದನ್ನು ಹಿಡಿಯ ಆಕಾರಕ್ಕೆ ಕೆತ್ತಿಸಿ, ಅದರ ಮುಂಭಾಗಕ್ಕೆ ಸ್ಪ್ರಿಂಗ್ ತ್ರಾಸೊಂದನ್ನು ಬಿಗಿದೆವು. ತೋರುಬೆರಳಿನಿಂದ ಅದರ ಕೊಕ್ಕೆಯನ್ನು ಎಳೆಯಬೇಕು. ರಿವಾಲ್ವರಿನಲ್ಲಿ ಟ್ರಿಗರ್ ಎಂಬ ಕುದುರೆಯನ್ನು ಎಳೆದಾಗ ಅದೊಂದೇ ಎಳೆತವು ಸುತ್ತಿಗೆಯನ್ನು ಹಿಂದಕ್ಕೆತ್ತಿ, ಗುಂಡಿನ ಉರುಳೆಯನ್ನು ತಿರುಗಿಸಿ, ಕೊನೆಗೆ ಸುತ್ತಿಗೆಯನ್ನು ಬಿಡಬೇಕು. ಇದಕ್ಕೆ ಸಾಮಾನ್ಯವಾಗಿ 5 ಕಿಲೋ ತೂಕದಷ್ಟು ಎಳೆತ ಬೇಕಾಗುತ್ತದೆ. ಅರ್ಧ ಕಿಲೋ ವಸ್ತುವನ್ನು ಅಲುಗಿಸದೆ ಹಿಡಿದು, ಅದರ ತೂಕದ ಹತ್ತರಷ್ಟು ಬಲವನ್ನು ಒಂದೇ ಬೆರಳಿನಿಂದ ಪ್ರಯೋಗಿಸುವುದೆಂದರೇನು ಎಂಬುದು ಆಗ ತಿಳಿಯಿತು. ಆಕೆ ಎರಡು ಸಲ ಎಳೆದರು. ಮೂರನೆಯ ಸಲಕ್ಕೆ ಬೆರಳು ನಡುಗಿತು. ಪತಿಯು ಆರು ಸಲ ಎಳೆದನು. ಆದರೆ ಪ್ರತಿಸಲವೂ ಮರದ ಮೂತಿ ಪಕ್ಕಕ್ಕೆ ಸರಿಯುತ್ತಿತ್ತು. ಒಂದೇ ಒಂದು ಡಿಗ್ರಿ ಸರಿದರೂ 7 ಮೀಟರು ದೂರದಲ್ಲಿ ಗುಂಡು 12 ಸೆಂಟಿಮೀಟರು ತಪ್ಪುತ್ತದೆ. ನಮ್ಮ ಕೈಯ ಪರಿಣಾಮವನ್ನು ಬರೆಯುವುದು ಅನಾವಶ್ಯಕ.

ರಿವಾಲ್ವರಿಗೆ ಬದಲು ಪಿಸ್ತೂಲಾದರೆ? ಅದರ ಎಳೆತ ಹಗುರವಾಗಿರಬಹುದು. ಆದರೆ ಮೊದಲ ಗುಂಡನ್ನು ನಳಿಗೆಗೆ ಸೇರಿಸಲು ಮೇಲಿನ ಜಾರುಭಾಗವನ್ನು ಇನ್ನೊಂದು ಕೈಯಿಂದ ಬಲವಾಗಿ ಹಿಂದಕ್ಕೆಳೆಯಬೇಕು. ಸಣ್ಣ ಪಿಸ್ತೂಲುಗಳಲ್ಲಿ ಗುಂಡು ಹೊರಬೀಳುವ ತನಕ ಹಿಂಬದಿಯನ್ನು ಮುಚ್ಚಿಡುವುದು ಆ ಭಾಗದ ರಾಶಿಯೂ ಸ್ಪ್ರಿಂಗಿನ ಬಿಗಿಯೂ ಅಷ್ಟೆ. ರಾಶಿಯನ್ನು ಕಡಮೆ ಮಾಡಿದರೆ ಸ್ಪ್ರಿಂಗನ್ನು ಬಿಗಿ ಮಾಡಬೇಕು. ಇಲ್ಲಿಯೂ ಚಿಕ್ಕದಾದುದೇ ಕಠಿಣವಾದುದು! ಸದ್ದಿನ ವಿಷಯವೂ ಹಾಗೆಯೇ: ಮೋಟು ನಳಿಗೆಯ ಬಾಯಿ ಕಿವಿಗೆ ಹತ್ತಿರ. ಕೈಬಂದೂಕುಗಳ ಸಿಡಿತವು 140 ಡೆಸಿಬಲನ್ನು ಮೀರುತ್ತದೆ. ಕಿವಿಗೆ ಮುಚ್ಚಳವಿಲ್ಲದೆ ಅಭ್ಯಾಸ ಮಾಡತಕ್ಕದ್ದಲ್ಲ.

ಕೈಚೀಲದ ಮಾತಿಗೆ ಬಂದರೆ, ಬೀಗದ ಕೈ, ಚಿಲ್ಲರೆ, ಕನ್ನಡಕದ ಪೆಟ್ಟಿಗೆ ಇವುಗಳ ನಡುವೆ ಆಯುಧವನ್ನು ಸುಮ್ಮನೆ ಹಾಕಿಡುವುದು ಅಪಾಯಕರ. ಕುದುರೆಯನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆ ಇರಲೇಬೇಕು. ಕಸಿಯಲು ಬಂದವನು ಮೊದಲು ಕೈಹಾಕುವುದೂ ಆ ಚೀಲಕ್ಕೇ ಎಂಬುದನ್ನು ಶಿಷ್ಯನು ಯೋಚಿಸಿರಲಿಲ್ಲ. ಸೀರೆಯ ಸೊಂಟಕ್ಕೆ ಅರ್ಧ ಕಿಲೋ ತೂಕವನ್ನು ಸಿಕ್ಕಿಸಿ ಬಸ್ಸು ಹತ್ತುವುದು ಹೇಗೆಂಬುದನ್ನು ಯಾವ ಕಾರ್ಖಾನೆಯೂ ಯೋಚಿಸಿದಂತೆ ಕಾಣುವುದಿಲ್ಲ.

ಕಾನೂನನ್ನು ಸಂಕ್ಷೇಪವಾಗಿ ಹೇಳಬೇಕು. 1959ರ ಆಯುಧಗಳ ಅಧಿನಿಯಮದಂತೆ ಲೈಸೆನ್ಸು ವ್ಯಕ್ತಿಗೆ ಸೇರಿದ್ದು. ಪತಿಯು ತನ್ನ ಹೆಸರಿನಲ್ಲಿ ಕೊಂಡು ಪತ್ನಿಗೆ ಉಡುಗೊರೆ ಕೊಡಲು ಅದು ಕೈಗಡಿಯಾರವಲ್ಲ. ನಮ್ಮ ಜಿಲ್ಲೆಯಲ್ಲಿ ಅರ್ಜಿಯನ್ನು ಜಿಲ್ಲಾಧಿಕಾರಿಗಳಿಗೆ ಕೊಡಬೇಕು. ಪೊಲೀಸರ ವಿಚಾರಣೆ ನಡೆಯುತ್ತದೆ. 2016ರ ನಿಯಮಗಳು ಸುರಕ್ಷಾ ತರಬೇತಿಯನ್ನೂ ಕೇಳುತ್ತವೆ. ಸಾರ್ವಜನಿಕ ಸ್ಥಳದಲ್ಲಿ ಆಯುಧವು ಒರೆಯೊಳಗೆ ಪೂರ್ತಿ ಮುಚ್ಚಿರಬೇಕು. ವಿಶೇಷ ಅನುಮತಿಯಿಲ್ಲದೆ ಜಾತ್ರೆಗೂ ಉತ್ಸವಕ್ಕೂ ವಿದ್ಯಾಸಂಸ್ಥೆಗೂ ಒಯ್ಯುವಂತಿಲ್ಲ. ಹಾಸನಾಂಬೆಯ ದರ್ಶನದ ಸಾಲಿನಲ್ಲಿ ನಿಲ್ಲುವಾಗ ಅದು ಮನೆಯಲ್ಲಿ ಬೀಗದೊಳಗೇ ಇರಬೇಕು. ಚುನಾವಣೆ ಬಂತೆಂದರೆ ಲೈಸೆನ್ಸುದಾರರು ಕೋವಿಗಳನ್ನು ಠಾಣೆಗೆ ಒಪ್ಪಿಸುವುದು ಅರಕಲಗೂಡಿನ ಮಾವನವರಿಗೂ ತಿಳಿದ ಸಂಗತಿ.

ಮನೆಯಲ್ಲಿ ಎಂದೊಡನೆ ಇನ್ನೊಂದು ವಿಷಯ ನೆನಪಿಗೆ ಬರುತ್ತದೆ. 1993ರಲ್ಲಿ ಅಮೆರಿಕದ ವೈದ್ಯ ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು, ಬಂದೂಕು ಇರುವ ಮನೆಗಳಲ್ಲಿ ಮನೆಯೊಳಗೇ ಕೊಲೆಯಾಗುವ ಸಂಭವವು 2.7ರಷ್ಟೆಂದು ಪ್ರಕಟಿಸಿದರು. ಎರಡು ಸಂಗತಿಗಳು ಒಟ್ಟಿಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗದೆಂದು ನಾವೇ ತರಗತಿಯಲ್ಲಿ ಹೇಳುತ್ತೇವೆ. ಆ ಅಧ್ಯಯನದ ಮೇಲೆಯೂ ಬಹಳ ವಾದ ನಡೆದಿದೆ. ಆದರೂ ಐದು ವರ್ಷದ ಮಗುವಿರುವ ಮನೆಗೆ ಆ ಸಂಖ್ಯೆಯನ್ನು ತಿಳಿಸದೆ ಕಳುಹಿಸಲು ನಮಗೆ ಮನಸ್ಸಾಗಲಿಲ್ಲ.

ಕೆಲವು ವಾರಗಳ ಬಳಿಕ ಆಕೆಯೇ ದೂರವಾಣಿಯಲ್ಲಿ ಮಾತನಾಡಿದರು. ಬಸ್ಸಿಳಿಯುವ ಕಡೆಗೆ ಪತಿಯು ಈಗ ದಿನವೂ ಮೊಪೆಡ್ಡಿನಲ್ಲಿ ಬರುತ್ತಾನಂತೆ. ತೋಟದ ತಿರುವಿನಲ್ಲಿ ದೀಪ ಹಾಕಿಸಿದ್ದಾರೆ. ಪೊಲೀಸ್ ಇಲಾಖೆಯವರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಆಕೆ ಹೆಸರು ಕೊಟ್ಟಿದ್ದಾರೆ. ಲೈಸೆನ್ಸಿನ ಅರ್ಜಿಯೂ ಮನೆಯಲ್ಲಿದೆ. ಅದರಲ್ಲಿ ಆಯುಧದ ವಿವರವನ್ನು ಕೇಳುವ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಾರೆ. ತರಬೇತಿ ಮುಗಿದ ಮೇಲೆ, ಬೇಕೆನಿಸಿದರೆ, ತಾವೇ ಕೈಯಲ್ಲಿ ಹಿಡಿದು ನೋಡಿ ತುಂಬುವರಂತೆ.